ಮೆರುಗು ಹಾರಿಸುವ ಬಂದೂಕು

ಹೆಸರೇನೋ ಬಂದೂಕಿನದು; ಕೆಲಸ ಮಾತ್ರ ಪನ್ನೀರುದಾನಿಯದು. ಕುದುರೆಯನ್ನೊತ್ತಿದರೆ ಗುಂಡು ಹಾರದು. ಮದುವೆಮನೆಯ ಬಾಗಿಲಲ್ಲಿ ಬೀಗರ ಮೇಲೆ ಪನ್ನೀರು ಚಿಮುಕುವಂತೆ ಬಣ್ಣವೋ ಮೆರುಗೆಣ್ಣೆಯೋ ಮಂಜಾಗಿ ಹೊರಬೀಳುತ್ತದೆ. ಬಡಗಿಗಳೂ ಮೋಟಾರು ದುರಸ್ತಿಯವರೂ ಸ್ಪ್ರೇ ಗನ್ ಎಂದು ಕರೆಯುವ ಈ ಉಪಕರಣವನ್ನು ಕಾಣದ ಊರಿಲ್ಲ. ಕಾರಿನ ಬಾಗಿಲಿಗೆ, ಕಬ್ಬಿಣದ ಬೀರುವಿಗೆ, ಮದುವೆಯ ಮಂಚಕ್ಕೆ ಮೈಬಣ್ಣ ಕೊಡುವುದು ಇದೇ. ಆದರೆ ಬೀರುವಿಗೆ ಒಗ್ಗಿದ ಬಂದೂಕು ಕೋಲಿಗೆ ಒಗ್ಗುವುದೆ? ಅದೂ ತುದಿಯಲ್ಲಿ ಕಿರುಬೆರಳಿನಷ್ಟು ಸಪೂರವಾಗಿರುವ ಬಿಲಿಯರ್ಡ್ಸ್ ಕೋಲಿಗೆ?

ಈ ಪ್ರಶ್ನೆ ಕೇವಲ ಶ್ರೀಮಂತರ ಕ್ಲಬ್ಬುಗಳಿಗೆ ಸೇರಿದ್ದೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಮೇಜಿನ ಮೇಲಿನ ಈ ಆಟಗಳಿಗೂ ನಮ್ಮ ನಾಡಿಗೂ ಹಳೆಯ ನಂಟುಂಟು. ಸ್ನೂಕರ್ ಎಂಬ ಆಟ ಹುಟ್ಟಿದ್ದೇ ಭಾರತದಲ್ಲಿ. 1875ರಲ್ಲಿ ಜಬಲ್ಪುರದ ಸೇನಾ ಬಿಡಾರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿ (ಮುಂದೆ ಬ್ರಿಟನ್ನಿನ ಪ್ರಧಾನಿಯಾದವನು ಬೇರೆ) ಅದನ್ನು ರೂಢಿಗೆ ತಂದನು. ಅದರ ನಿಯಮಗಳು ಒಂದು ರೂಪಕ್ಕೆ ಬಂದದ್ದು ಮೈಸೂರಿನ ನೆರೆಯ ಉದಕಮಂಡಲದ ಕ್ಲಬ್ಬಿನಲ್ಲಿ. 1958ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ಗೆದ್ದು ಸ್ವತಂತ್ರ ಭಾರತಕ್ಕೆ ಒಬ್ಬ ವಿಶ್ವವಿಜೇತನನ್ನು ದೊರಕಿಸಿಕೊಟ್ಟರು. ಬೆಂಗಳೂರಿನಲ್ಲಿ ಅರವಿಂದ ಸವೂರರ ಬಳಿ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ ಚೀನದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಕಿರೀಟವನ್ನು ಧರಿಸಿದಾಗ ಅವರಿಗಿನ್ನೂ 18 ವರ್ಷ. ಅಲ್ಲಿಂದೀಚೆಗೆ ಎಷ್ಟೋ ಮನೆಗಳ ಹುಡುಗರು ಕೋಲು ಹಿಡಿಯುವ ಕನಸು ಕಂಡಿದ್ದಾರೆ. ಕೋಲು ಹಿಡಿಯುವವರಿದ್ದಮೇಲೆ ಕೋಲನ್ನು ಕಡೆಯುವವರೂ ಅದರ ಹಳೆಯ ಮೈಯನ್ನು ಕೆರೆದು ಹೊಸ ಮೆರುಗು ಕೊಡುವವರೂ ಬೇಕಷ್ಟೆ.

ದಾವಣಗೆರೆಯ ಆನೆಕೊಂಡದಂಥ ಬಡಾವಣೆಯಲ್ಲಿ, ಪುರಾತನ ಈಶ್ವರ ದೇವಾಲಯದಿಂದ ನಾಲ್ಕು ಹೆಜ್ಜೆಯ ದೂರದ ಒಂದು ಮನೆಯಲ್ಲಿ, ಕೈಚಳಕವುಳ್ಳ ತರುಣನೊಬ್ಬ ಇಂಥ ಕೆಲಸವನ್ನು ಹಿಡಿದನೆಂದಿಟ್ಟುಕೊಂಡರೆ ತಪ್ಪಿಲ್ಲ. ಹಿತ್ತಿಲಲ್ಲಿ ಒಂದು ತಗಡಿನ ಮಾಡು, ಒಂದು ಲೇತು, ಒಂದು ಅಶ್ವಶಕ್ತಿಯ ಗಾಳಿಯಂತ್ರ. ಗೋಡೆಯ ಆಚೆಗೆ ಅಡಿಗೆಮನೆ. ಲೇತಿಗೆ ಆ ಸೀಮೆಯಲ್ಲಿ ಬರವಿಲ್ಲ. ಸುಮಾರು 14 ಕಿಲೋಮೀಟರು ದೂರದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ನಾಡಿಗೆಲ್ಲ ಲೇತುಗಳನ್ನು ಒದಗಿಸಿತು. ಅದರ ಸದ್ದಡಗಿ ವರ್ಷಗಳೇ ಕಳೆದರೂ ಯಂತ್ರಗಳ ಆಯುಸ್ಸು ಕಾರ್ಖಾನೆಯ ಆಯುಸ್ಸಿಗಿಂತ ದೀರ್ಘ. ತಿರುಗುವ ವಸ್ತುವಿಗೆ ಉಳಿ ಹಿಡಿಯುವ ವಿದ್ಯೆಯಂತೂ ಹರಿಹರಕ್ಕೆ ಇನ್ನೂ ಹಳೆಯದು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕಂಬಗಳ ನುಣುಪನ್ನು ಕಂಡವರಿಗೆ ಬೇರೆ ಸಾಕ್ಷಿ ಬೇಡ.

ಕೋಲಿನ ಅಳತೆಯನ್ನು ಮೊದಲು ಮನಸ್ಸಿನಲ್ಲಿಡಬೇಕು. ಪೂಲ್ ಆಟದ ಕೋಲು ಸಾಮಾನ್ಯವಾಗಿ 58 ಅಂಗುಲ ಉದ್ದ. ತುದಿಯಲ್ಲಿ 12–13 ಮಿಲಿಮೀಟರು ಮಾತ್ರ ದಪ್ಪ. ಹಿಂಬದಿಯ ಹಿಡಿಯಲ್ಲಿ 3 ಸೆಂಟಿಮೀಟರಿನ ಆಸುಪಾಸು. ಮುಂಭಾಗದ ಸಪೂರ ಕಡ್ಡಿಗೆ ದಪ್ಪನಾದ ಮೆರುಗೆಣ್ಣೆ ಸಲ್ಲದು. ಅದು ಆಟಗಾರನ ಬೆರಳ ಸೇತುವೆಯ ಮೇಲೆ ಜಾರಬೇಕು, ಅಂಟಬಾರದು. ಅಲ್ಲಿ ಮರದ ರಂಧ್ರಗಳು ಮುಚ್ಚಿದರೆ ಸಾಕು. ಗಾಜಿನಂಥ ಹೊಳಪು ಬೇಕಾಗುವುದು ಹಿಡಿಯ ಭಾಗಕ್ಕೆ. ಅಲ್ಲಿ ಬೀಟೆ, ಕರಿಮರಗಳ ಕೆತ್ತನೆಯ ಕೂಡುಗಳಿರುತ್ತವೆ. ಬೆವರೂ ಸೀಮೆಸುಣ್ಣದ ಪುಡಿಯೂ ತಗಲುತ್ತವೆ. ಮಳೆಗಾಲದ ತೇವವನ್ನು ಮರ ಹೀರಿದರೆ ಕೂಡುಗಳು ಬಾಯಿಬಿಡುವುದುಂಟು. ಆದುದರಿಂದ ಮೆರುಗು ಕೇವಲ ಶೃಂಗಾರವಲ್ಲ, ಕವಚವೂ ಹೌದು. ವಾರಗಟ್ಟಲೆ ಕಡೆದು ಕೂಡಿಸಿದ ಕೋಲು ಕೊನೆಯ ಅರ್ಧ ಗಂಟೆಯ ಸಿಂಪರಣೆಯಲ್ಲಿ ಕೆಟ್ಟರೆ ಮತ್ತೆ ಕೆರೆಯಬೇಕು; ಕೆರೆದಷ್ಟೂ ಮರ ಸವೆಯುತ್ತದೆ.

ಬಂದೂಕನ್ನು ಆರಿಸುವ ಮುನ್ನ ಅದು ಬೇಕೇ ಎಂಬುದನ್ನೇ ಕೇಳಿಕೊಳ್ಳುವುದು ಮೇಲು. ಚನ್ನಪಟ್ಟಣದ ಗೊಂಬೆ ಮಾಡುವವರು ಯಾವ ಬಂದೂಕನ್ನೂ ಹಿಡಿದವರಲ್ಲ. ಹಾಲೆಮರದ ತುಂಡು ಲೇತಿನಲ್ಲಿ ಭರದಿಂದ ಸುತ್ತುತ್ತಿರುವಾಗಲೇ ಬಣ್ಣ ಕೂಡಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಹೊದೆಯುತ್ತದೆ. ಮೇಲೆ ಕೇದಗೆಯ ಗರಿಯಿಂದ ಉಜ್ಜಿದರೆ ಹೊಳಪು ಮೂಡುತ್ತದೆ. ಗಾಳಿಗೆ ಹಾರುವ ಮಂಜಿಲ್ಲ, ತಿನ್ನರಿನ ವಾಸನೆಯಿಲ್ಲ, ಒಂದು ಹನಿಯೂ ವ್ಯರ್ಥವಿಲ್ಲ. ಅದೇ ಅರಗನ್ನು ಶುದ್ಧಿಮಾಡಿ ಸ್ಪಿರಿಟಿನಲ್ಲಿ ಕರಗಿಸಿದರೆ ಚಂದ್ರಸದ ಪಾಲಿಷು. ಲೇತಿನಲ್ಲಿ ಮೆಲ್ಲಗೆ ತಿರುಗುವ ಕೋಲಿಗೆ ಅದನ್ನು ಬಟ್ಟೆಯ ಉಂಡೆಯಿಂದ ತೆಳ್ಳಗೆ ಹತ್ತಾರು ಸಲ ಸವರಿದರೆ ಕಣ್ಣಿಗೆ ಹಿತವಾದ ಮೆರುಗು ಬರುತ್ತದೆ. ಅದರ ದೋಷವೆಂದರೆ ಬೆವರಿಗೂ ಬಿಸಿಗೂ ಅದು ಸುಲಭವಾಗಿ ಸೋಲುವುದು. ತಿಂಗಳಿಗೆ ಒಂದೆರಡು ಕೋಲುಗಳಿಗೆ ಮೆರುಗು ಕೊಡುವವನಿಗೆ ಈ ದೋಷ ದೊಡ್ಡದಲ್ಲ. ಗಿರಾಕಿ ಮರಳಿ ತಂದರೆ ಮತ್ತೆ ಸವರಿದರಾಯಿತು. ಇಂಥವನು ಬಂದೂಕಿಗೆ ಹಣ ಸುರಿಯುವ ಅಗತ್ಯವೇ ಕಾಣದು.

ಆದರೂ ಗಿರಾಕಿಗಳು ಕೇಳುವುದು ಗಾಜಿನ ಹೊಳಪನ್ನೇ. ಅದು ಸಿಂಪರಣೆಯಿಂದಲೇ ಸುಲಭವಾಗಿ ಸಾಧ್ಯ.

ಬಂದೂಕಿನ ಪೂರ್ವಜರ ಕಥೆ ಸ್ವಾರಸ್ಯವಾದದ್ದು. ಅಮೆರಿಕದ ಟೊಲಿಡೊ ನಗರದಲ್ಲಿ ಆಲೆನ್ ಡಿವಿಲ್ಬಿಸ್ ಎಂಬ ವೈದ್ಯರಿದ್ದರು. ರೋಗಿಗಳ ಗಂಟಲಿಗೆ ಔಷಧವನ್ನು ಮಂಜಿನಂತೆ ಊದುವ ಉಪಕರಣವೊಂದನ್ನು ರೂಪಿಸಿ 1888ರಲ್ಲಿ ಅದರ ವ್ಯಾಪಾರಕ್ಕೆ ತೊಡಗಿದರು. ಅವರ ಮಗ ಥಾಮಸ್ 1907ರಲ್ಲಿ ಅದೇ ತತ್ತ್ವವನ್ನು ಬಣ್ಣಕ್ಕೆ ಅನ್ವಯಿಸಿದರು. ಗಂಟಲನ್ನು ಗುಣಪಡಿಸಲು ಹುಟ್ಟಿದ ಯಂತ್ರದ ಮಗನೇ ಇಂದು ಅಜಾಗರೂಕರ ಗಂಟಲಿಗೆ ಶತ್ರುವಾಗಿದ್ದಾನೆ!

ಮೆರುಗೆಣ್ಣೆಯ ಕಥೆಯೂ ಅಷ್ಟೇ ವಿಚಿತ್ರ. ಹಿಂದೆ ಬಿಲಿಯರ್ಡ್ಸ್ ಚೆಂಡುಗಳನ್ನು ಆನೆಯ ದಂತದಿಂದ ಕಡೆಯುತ್ತಿದ್ದರು. ಒಂದು ದಂತದಲ್ಲಿ ಸಿಕ್ಕುತ್ತಿದ್ದುದು ಕೆಲವೇ ಚೆಂಡುಗಳು. ದಂತಕ್ಕೆ ಬದಲಿ ತಂದವರಿಗೆ 10,000 ಡಾಲರ್ ಬಹುಮಾನವೆಂದು ಅಮೆರಿಕದ ವ್ಯಾಪಾರಿಗಳು ಸಾರಿದಾಗ ಜಾನ್ ವೆಸ್ಲಿ ಹಯಟ್ ಎಂಬಾತ ಪ್ರಯೋಗಕ್ಕಿಳಿದು, 1870ರ ಹೊತ್ತಿಗೆ ಸೆಲ್ಯುಲಾಯ್ಡನ್ನು ಹೊರತಂದನು. ಅದರ ಜೀವದ್ರವ್ಯ, ಹತ್ತಿಯಂಥ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದ ನೈಟ್ರೋಸೆಲ್ಯುಲೋಸ್. ಅದನ್ನೇ ತೆಳ್ಳಗೆ ಕರಗಿಸಿ, 1920ರ ದಶಕದಲ್ಲಿ ಮೋಟಾರು ಗಾಡಿಗಳಿಗೆ ಬೇಗ ಆರುವ ಬಣ್ಣವನ್ನಾಗಿ ಸಿಂಪಡಿಸತೊಡಗಿದರು. ಇಂದು ಅಂಗಡಿಗಳಲ್ಲಿ ಎನ್.ಸಿ. ಲ್ಯಾಕರ್ ಎಂದು ಕೊಡುವುದು ಈ ವಂಶದ್ದೇ. ಚೆಂಡಿಗಾಗಿ ಹುಡುಕಿದ ವಸ್ತು ಕೋಲಿನ ಮೈಗೂ ಏರಿತು. ಆನೆಯ ಹೆಸರು ಹೊತ್ತ ಬಡಾವಣೆಯಲ್ಲಿ, ಹತ್ತಿಯ ಗಿರಣಿಗಳಿಂದ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ಊರಿನಲ್ಲಿ, ದಂತದ ಸ್ಥಾನಕ್ಕೆ ಹತ್ತಿ ಬಂದ ಈ ವೃತ್ತಾಂತ ಯಾರಿಗಾದರೂ ಮುಗುಳ್ನಗೆ ತರಿಸೀತು.

ಇನ್ನು ಬಂದೂಕು. ಅಂಗಡಿಯವನು ಮೊದಲು ಮುಂದಿಡುವುದು ಕೆಳಗೆ ದೊಡ್ಡ ಡಬ್ಬಿ ತೂಗುವ ಹಳೆಯ ಮಾದರಿಯನ್ನು. ಗಾಳಿಯ ಸೆಳೆತಕ್ಕೆ ಡಬ್ಬಿಯ ದ್ರವ ಮೇಲೇರಿ ಬರಬೇಕಾದ್ದರಿಂದ ಅದಕ್ಕೆ ಒತ್ತಡವೂ ಹೆಚ್ಚು, ತಳದಲ್ಲಿ ಉಳಿಯುವ ಮೆರುಗೆಣ್ಣೆಯೂ ಹೆಚ್ಚು. ಒಂದು ಕೋಲಿಗೆ ಬೇಕಾಗುವುದು ಕೆಲವು ಚಮಚದಷ್ಟು ದ್ರವ. ಅದನ್ನು ಲೀಟರಿನ ಡಬ್ಬಿಯ ತಳದಲ್ಲಿ ಹುಡುಕುತ್ತ ಕುಳಿತರೆ ಸುಖವಿಲ್ಲ. ಬಟ್ಟಲು ಮೇಲಿದ್ದು ದ್ರವ ತನ್ನ ಭಾರದಿಂದಲೇ ಇಳಿಯುವ ಮಾದರಿಯಲ್ಲಿ ಕೊನೆಯ ಹನಿಯೂ ಉಪಯೋಗಕ್ಕೆ ಬರುತ್ತದೆ. ಕೋಲಿನ ಕೆಲಸಕ್ಕೆ ಇದೇ ಸರಿ.

ಆದರೆ ಮುಖ್ಯವಾದ ವಿಷಯ ಬಟ್ಟಲಲ್ಲ, ಬೀಸಣಿಗೆ. ಬಂದೂಕಿನ ಮೂತಿಯಿಂದ ಹೊರಟ ಮಂಜು ಬೀಸಣಿಗೆಯಂತೆ ಹರಡುತ್ತದೆ. ಕಾರಿನ ಬಾಗಿಲಿಗೆಂದು ಮಾಡಿದ ದೊಡ್ಡ ಬಂದೂಕಿನ ಬೀಸಣಿಗೆ 25 ಸೆಂಟಿಮೀಟರು ಅಗಲವಿರುವುದು ಸಾಮಾನ್ಯ. ಅದನ್ನು 3 ಸೆಂಟಿಮೀಟರಿನ ಕೋಲಿಗೆ ಅಡ್ಡಲಾಗಿ ಹಿಡಿದರೆ ಎಂಟು ಪಾಲಿನಲ್ಲಿ ಒಂದು ಪಾಲು ಕೋಲಿಗೆ, ಏಳು ಪಾಲು ಗಾಳಿಗೆ. ಹಣವೂ ಗಾಳಿಗೆ ಎಂದು ಓದಿಕೊಳ್ಳಬಹುದು. ಬೆಲೆ ಹೆಚ್ಚಾದಷ್ಟೂ ಬಂದೂಕು ಉತ್ತಮವೆಂಬ ನಂಬಿಕೆ ಇಲ್ಲಿ ಮುಗ್ಗರಿಸುತ್ತದೆ. ಸಾವಿರಾರು ರೂಪಾಯಿಯ ದೊಡ್ಡ ಬಂದೂಕಿಗಿಂತ, ಕಾರಿನ ಸಣ್ಣ ಗೀರುಗಳನ್ನು ಮುಚ್ಚಲೆಂದು ಮಾಡಿದ ಪುಟ್ಟ ಬಂದೂಕು ಕೋಲಿಗೆ ನಿಜವಾದ ಗೆಳೆಯ. ಅದರ ಮೂತಿಯ ರಂಧ್ರ 0.8ರಿಂದ 1.0 ಮಿಲಿಮೀಟರು ಇದ್ದರೆ ಸಾಕು. ದೊಡ್ಡದರಲ್ಲಿ ಇದು 1.3 ಅಥವಾ 1.4. ದೊಡ್ಡ ಬಂದೂಕೇ ಕೈಯಲ್ಲಿದ್ದು ಬೇರೆ ಕೊಳ್ಳುವ ಅನುಕೂಲವಿಲ್ಲದಿದ್ದರೆ, ಮೂತಿಯ ಕೊಂಬುಳ್ಳ ಟೋಪಿಯನ್ನು ಕಾಲು ಸುತ್ತು ತಿರುಗಿಸಿ, ಬೀಸಣಿಗೆಯನ್ನು ಕೋಲಿನ ಉದ್ದಕ್ಕೇ ಮಲಗಿಸಬಹುದು. ಅಗಲದ ತಿರುಪನ್ನು ಬಿಗಿಮಾಡಿ ಮಂಜನ್ನು ಗುಂಡಗೆ ಕಿರಿದುಗೊಳಿಸುವುದೂ ಉಂಟು. ಬಂದೂಕು ಕೊಂಡ ಎಷ್ಟೋ ಮಂದಿ ಈ ಎರಡು ತಿರುಪುಗಳನ್ನು ಮುಟ್ಟಿಯೇ ನೋಡಿರುವುದಿಲ್ಲ.

ಎಚ್‌ವಿಎಲ್‌ಪಿ ಎಂಬ ನಾಲ್ಕು ಅಕ್ಷರಗಳು ಈಚಿನ ಬಂದೂಕುಗಳ ಮೇಲೆಲ್ಲ ಕಾಣುತ್ತವೆ. ಗಾಳಿ ಹೆಚ್ಚು, ಒತ್ತಡ ಕಡಮೆ ಎಂಬುದೇ ಅದರ ತಾತ್ಪರ್ಯ. ಮೂತಿಯಲ್ಲಿ ಗಾಳಿಯ ಒತ್ತಡ ಚದರ ಅಂಗುಲಕ್ಕೆ 10 ಪೌಂಡನ್ನು ಮೀರದಂತೆ ಇದನ್ನು ರಚಿಸಿರುತ್ತಾರೆ. ಹನಿಗಳು ಮೆಲ್ಲಗೆ ಹೋಗಿ ತಾಗುವುದರಿಂದ ಪುಟಿದು ಹಿಂದಿರುಗುವುದು ಕಡಮೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹೊಗೆಮಂಜಿನ ಕಾಟವನ್ನು ತಗ್ಗಿಸಲು ಹೊರಟ ವಾಯುನಿಯಮಗಳು, ಬಂದೂಕಿನಿಂದ ಹೊರಟ ಬಣ್ಣದಲ್ಲಿ ಶೇಕಡ 65ರಷ್ಟಾದರೂ ವಸ್ತುವಿನ ಮೇಲೆ ನಿಲ್ಲಬೇಕೆಂದು ಗೊತ್ತುಮಾಡಿದವು. ಹಳೆಯ ಮಾದರಿಯಲ್ಲಿ ಅದರ ಅರ್ಧವೂ ನಿಲ್ಲುವುದು ಕಷ್ಟ. ಆದರೆ ಈ 65 ಕೋಲಿಗೆ ತಾನಾಗಿ ಲಭಿಸುವ ವರವಲ್ಲ. ಕೋಲಿನ ಪಕ್ಕದಲ್ಲೇ ಹಾದುಹೋದ ಹನಿ, ಬಂದೂಕು ಎಷ್ಟೇ ಸೌಮ್ಯವಾಗಿದ್ದರೂ ತಿರುಗಿ ಬರುವುದಿಲ್ಲ.

ಇಲ್ಲಿ ಗಾಳಿಯಂತ್ರದ ಲೆಕ್ಕವೂ ಸೇರುತ್ತದೆ. ದೊಡ್ಡ ಎಚ್‌ವಿಎಲ್‌ಪಿ ಬಂದೂಕು ನಿಮಿಷಕ್ಕೆ ಹತ್ತು ಘನ ಅಡಿಯ ಆಸುಪಾಸಿನಲ್ಲಿ ಗಾಳಿ ಕುಡಿಯುತ್ತದೆ. ಪುಟ್ಟದು ಅದರ ಅರ್ಧಕ್ಕಿಂತ ಕಡಮೆಯಲ್ಲೇ ತೃಪ್ತಿಪಡುತ್ತದೆ. ಒಂದು ಅಶ್ವಶಕ್ತಿಯ ಯಂತ್ರ ಎಡೆಬಿಡದೆ ಕೊಡಬಲ್ಲುದು ಮೂರು ನಾಲ್ಕು ಘನ ಅಡಿ. ದೊಡ್ಡ ಬಂದೂಕನ್ನು ಅದಕ್ಕೆ ಕಟ್ಟಿದರೆ ಮೊದಲ ಕೆಲವು ಕ್ಷಣ ಮಂಜು ಸೊಗಸಾಗಿ ಬಂದು, ಆಮೇಲೆ ಉಸಿರುಗಟ್ಟಿದವನಂತೆ ಉಗುಳತೊಡಗುತ್ತದೆ. ಕೋಲಿನ ಮೈಮೇಲೆ ಕಿತ್ತಳೆ ಸಿಪ್ಪೆಯ ಒರಟು ಏಳುವುದು ಹೀಗೆಯೇ. ತಪ್ಪು ಬಂದೂಕಿನದಲ್ಲ, ಕೈಯದೂ ಅಲ್ಲ, ಜೋಡಿಯದು. ಜಾತಕ ನೋಡದೆ ಮಾಡಿದ ಮದುವೆ ಎನ್ನಬಹುದು.

ಹದದ ಮಾತಿಗೆ ಬಂದರೆ, ಬೆಣ್ಣೆದೋಸೆಯ ಊರಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಟ್ಟು ಗಟ್ಟಿಯಾದರೆ ಹರಡದು, ನೀರಾದರೆ ಮೈತುಂಬದು. ಮೆರುಗೆಣ್ಣೆಗೂ ಇದೇ ನ್ಯಾಯ. ತಳದಲ್ಲಿ ತೂತುಳ್ಳ ಚಿಕ್ಕ ಬಟ್ಟಲೊಂದನ್ನು ತುಂಬಿ, ಅದು ಬರಿದಾಗಲು ಎಷ್ಟು ಸೆಕೆಂಡು ಹಿಡಿಯುವುದೆಂದು ಎಣಿಸಿ ತಿನ್ನರನ್ನು ಬೆರಸುವುದು ಅಂದಾಜಿಗಿಂತ ಒಳ್ಳೆಯದು; ಎಷ್ಟು ಸೆಕೆಂಡು ಎಂಬುದನ್ನು ಮೆರುಗೆಣ್ಣೆಯ ತಯಾರಕರೇ ಡಬ್ಬಿಯ ಕೈಪಿಡಿಯಲ್ಲಿ ತಿಳಿಸುತ್ತಾರೆ. ಆಮೇಲೆ ಹಳೆಯ ವೃತ್ತಪತ್ರಿಕೆಯ ಮೇಲೆ ಒಂದು ಕ್ಷಣ ಹಾರಿಸಿ ನೋಡಬೇಕು. ನಡುವೆ ಒತ್ತಾಗಿ ಬಿದ್ದು ಅಂಚು ಬರಿದಾಗಿದ್ದರೆ ಗಾಳಿ ಸಾಲದು, ಅಥವಾ ದ್ರವ ಗಟ್ಟಿ. ನಡು ಸೊರಗಿ ಎಂಟರ ಅಂಕಿಯಂತೆ ಎರಡು ಹೋಳಾಗಿದ್ದರೆ ಗಾಳಿ ಅತಿಯಾಯಿತು. ಕಾಗದಕ್ಕೆ ಸರಿಬಂದ ಮೇಲೆಯೇ ಕೋಲಿನ ಸರದಿ. ಲೇತು ಹನಿಗಳನ್ನು ಎರಚದಷ್ಟು ನಿಧಾನವಾಗಿ ತಿರುಗುತ್ತಿರಬೇಕು. ಮೆರುಗು ಆರುವವರೆಗೂ ತಿರುಗುತ್ತಲೇ ಇರಬೇಕು. ನಿಂತ ಕೋಲಿನಲ್ಲಿ ಹನಿ ಕೆಳಕ್ಕೆ ಜಗ್ಗುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಪೀಡೆಯುಂಟು. ತಿನ್ನರ್ ಬೇಗನೆ ಆವಿಯಾಗುವಾಗ ಮೆರುಗಿನ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂಡುತ್ತದೆ; ಪಾರದರ್ಶಕವಾಗಿರಬೇಕಾದ ಲ್ಯಾಕರ್ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಗುತ್ತದೆ. ನಿಧಾನವಾಗಿ ಆರುವ ತಿನ್ನರ್ ಬೆರಸುವುದು, ಇಲ್ಲವೇ ಬಿಸಿಲು ಬೀಳುವ ದಿನದವರೆಗೆ ಕಾಯುವುದು, ಕಾಯುವುದೇ ಅಗ್ಗ. ಗಾಳಿಯಂತ್ರದ ಕೊಳವೆಯಲ್ಲೂ ನೀರು ಕೂಡುವುದರಿಂದ ಬಂದೂಕಿನ ಮುಂಚೆ ನೀರು ಹಿಡಿಯುವ ಬಟ್ಟಲೊಂದು ಇರಲೇಬೇಕು. ಬೀಟೆಯ ಹಿಡಿಗೆ ಮೊದಲು ಮೇಣ ತೆಗೆದ ಚಂದ್ರಸದ ತೆಳುವಾದ ಒಂದು ಕೈ ಕೊಟ್ಟಿದ್ದರೆ ಲೇಸು. ಆ ಮರದ ಎಣ್ಣೆಯಂಥ ಅಂಶಗಳು ಕೆಲವು ಮೆರುಗೆಣ್ಣೆಗಳನ್ನು ಗಟ್ಟಿಯಾಗಗೊಡುವುದಿಲ್ಲ.

ಇಷ್ಟೆಲ್ಲ ಕೋಲಿನ ಕ್ಷೇಮ. ಕೋಲು ಮಾಡುವವನ ಕ್ಷೇಮವನ್ನು ಅಂಗಡಿಯವರು ಹೇಳುವುದು ಅಪರೂಪ. ಲ್ಯಾಕರಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು, ಗೋಡೆಯಾಚೆಯ ಒಲೆಯನ್ನೋ ದೇವರ ದೀಪವನ್ನೋ ತಲಪಿದರೆ ಬೆಂಕಿ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಮೂಲೆಗಳಲ್ಲಿ ಕೂಡುವ ಒಣ ಧೂಳು ಸಹ ಭಗ್ಗನೆ ಹತ್ತಿಕೊಳ್ಳುವ ಜಾತಿಯದು. ಗಾಳಿಯಂತ್ರದ ಮೋಟಾರು ಕಿಡಿಯುಗುಳುವುದರಿಂದ ಅದು ಮಾಡಿನ ಹೊರಗೇ ಇರತಕ್ಕದ್ದು.

ಎರಡು ಡಬ್ಬಿಗಳನ್ನು ಬೆರಸಿ ಸಿಂಪಡಿಸುವ ಪಿ.ಯು. ಮೆರುಗೆಣ್ಣೆ ಇನ್ನೂ ಗಡುಸು, ಇನ್ನೂ ಹೊಳಪು. ಗಿರಾಕಿಗಳಿಗೆ ಅದೇ ಹೆಚ್ಚು ಪ್ರಿಯ. ಆದರೆ ಅದರ ಗಟ್ಟಿಕಾರಕ ಡಬ್ಬಿಯಲ್ಲಿರುವುದು ಐಸೊಸಯನೇಟ್ ವರ್ಗದ ರಾಸಾಯನಿಕ. ಮೂಗಿಗೆ ವಾಸನೆ ತಾಗುವ ಮುನ್ನವೇ ಅದರ ಪ್ರಮಾಣ ಅಪಾಯದ ಮಟ್ಟವನ್ನು ದಾಟಿರಬಹುದು. ಉಸಿರಿನೊಡನೆ ಒಳಗೆ ಹೋದರೆ ಕೆಲವರಿಗೆ ಉಬ್ಬಸ ತಗಲುತ್ತದೆ. ಒಮ್ಮೆ ದೇಹ ಅದನ್ನು ದ್ವೇಷಿಸಲು ಕಲಿತಿತೆಂದರೆ, ಮುಂದೆ ಎಷ್ಟು ಸ್ವಲ್ಪ ಸೋಕಿದರೂ ಎದೆ ಬಿಗಿಯುತ್ತದೆ. ಕರವಸ್ತ್ರ ಕಟ್ಟಿಕೊಳ್ಳುವುದು ಇದಕ್ಕೆ ತಡೆಯೇ ಅಲ್ಲ. ಬೇಕಾದದ್ದು ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ತರುವ ಮುಖವಾಡ. ಬಂದೂಕಿಗೆ ಗಾಳಿ ಕೊಡುವ ಎಣ್ಣೆಯಂತ್ರದಿಂದಲೇ ಮುಖವಾಡಕ್ಕೂ ಒಂದು ಕವಲು ತೆಗೆಯುವ ಜಾಣತನ ಕೂಡದು. ಕಾದ ಎಣ್ಣೆಯ ಹೊಗೆಯೂ ವಿಷಾನಿಲವೂ ಅದರಲ್ಲಿ ಸೇರಿ ಬರಬಹುದು. ಹಿತ್ತಿಲಲ್ಲಿ ಆಡುವ ಮಕ್ಕಳಿಗೆ, ಬಟ್ಟೆ ಒಣಹಾಕಲು ಬರುವ ಹೆಂಗಸರಿಗೆ ಮುಖವಾಡವೇ ಇಲ್ಲ ಎಂಬುದನ್ನೂ ನೆನೆಯಬೇಕು. ಆದುದರಿಂದ ಬಂದೂಕಿಗೆಂದು ತೆಗೆದಿರಿಸಿದ ಹಣದಲ್ಲಿ ಮುಖವಾಡದ ಪಾಲನ್ನು ಮೊದಲು ಕಳೆಯಬೇಕು, ಉಳಿದುದರಲ್ಲಿ ಬಂದೂಕು. ಉಳಿಯದಿದ್ದರೆ ಪಿ.ಯು. ಆಸೆಯನ್ನು ಬಿಟ್ಟು ಚಂದ್ರಸದ ಬಟ್ಟೆಯುಂಡೆಗೆ ಮರಳುವುದರಲ್ಲಿ ಅವಮಾನವೇನೂ ಇಲ್ಲ. ಚನ್ನಪಟ್ಟಣದವರು ಉಜ್ಜಿದ ಮೆರುಗನ್ನು ಜಗತ್ತೇ ಮೆಚ್ಚಿ ಕೊಳ್ಳುತ್ತಿದೆ.

ಕೆಲಸ ಮುಗಿದ ಕೂಡಲೆ ಬಂದೂಕನ್ನು ಬಿಚ್ಚಿ, ಮೂತಿಯನ್ನೂ ಸೂಜಿಯನ್ನೂ ತಿನ್ನರಿನಲ್ಲಿ ತೊಳೆದಿಡಬೇಕು. ರಂಧ್ರ ಕಟ್ಟಿತೆಂದು ತಂತಿಯಿಂದ ಚುಚ್ಚಿದರೆ ಬೀಸಣಿಗೆ ಎಂದೆಂದಿಗೂ ಸೊಟ್ಟ. ಮೆರುಗು ಪಡೆದ ಕೋಲಿನ ಜತೆಗೆ ಅದೇ ಮರದ ಒಂದು ಗೇಣುದ್ದದ ತುಂಡಿಗೂ ಅದೇ ಹೊತ್ತಿಗೆ ಅದೇ ಮೆರುಗನ್ನು ಹಾಕಿ ಪಕ್ಕದಲ್ಲಿ ತೂಗುಹಾಕಿದರೆ ಒಳ್ಳೆಯದು. ಗಿರಾಕಿ ಎಷ್ಟೇ ಅವಸರಪಡಿಸಿದರೂ ಉಗುರನ್ನು ಊರಿ ನೋಡಬೇಕಾದದ್ದು ಆ ತುಂಡಿನ ಮೇಲೆ. ಅದರಲ್ಲಿ ಗುರುತು ಮೂಡದಂತಾಗುವವರೆಗೆ, ವಾರಗಳೇ ಆಗಲಿ, ಕೋಲನ್ನು ಲೇತಿಗೆ ಏರಿಸಿ ಉಜ್ಜುವಂತಿಲ್ಲ.